ಹತ್ತು ಗ್ರಾಂ, ಒಂದು ಲೀಟರ್

ಮಲ್ಲೇಶ್ವರಂ
12 ಜೂನ್ 2023

ಮಹಾನಂದಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರೆಂದು ನಿನಗೆ ತಿಳಿದಿರುತ್ತದೆ. ಇಪ್ಪತ್ತೈದು ವರ್ಷವಾದರೂ ನನ್ನ 'ಹ' ನೆಟ್ಟಗಾಗಲಿಲ್ಲ. ಹರಿದೆಸೆಯದೆ ಇಷ್ಟು ಓದಿದ್ದರೆ ಇನ್ನೊಂದು ಪುಟ ಓದು.

ವಿಳಾಸ ಕೊಟ್ಟವರು ನಮ್ಮ ಲ್ಯಾಬಿನ ಅಟೆಂಡರ್ ವೆಂಕಟಾಚಲ. ರಿಟೈರಾಗಿ ಓಕಳಿಪುರಂನಲ್ಲಿ ಮಗಳ ಮನೆಯಲ್ಲಿದ್ದಾರೆ. "ಮಹಾನಂದಮ್ಮನೋರು ಚಾಮರಾಜಪೇಟೆಲೇ ಇದಾರಲ್ಲ ಮೇಡಂ. ಕಾಟನ್‌ಪೇಟೆ ಬಟ್ಟೆ ಅಂಗಡಿ ಬಸವಪ್ರಭು ಅವ್ರ ಮನೆ. ಇಷ್ಟ್ ಹತ್ರ ಇದ್ಕೊಂಡು ನೀವಿಬ್ರೂ ಒಂದ್ಸಲನೂ ನೋಡಿಲ್ವಾ?" ಎಂದು ಕೇಳಿದರು. ಅಷ್ಟರಲ್ಲಿ ಹಿಂದಿನ ಹಳಿಯ ಮೇಲೆ ರೈಲು ಬಂತು. ಆ ಸದ್ದಿನಲ್ಲೇ ವಿಳಾಸ ಬರೆದುಕೊಂಡೆ.

ಬರೆಯಲು ಕಾರಣವಿದೆ. ನಮ್ಮ ಹಳೆಯ ವಿಭಾಗದಲ್ಲೇ ನಾನೀಗ ಪಾಠ ಹೇಳುತ್ತೇನೆ. ಈ ವರ್ಷ ಪ್ರಾಣಿಶಾಸ್ತ್ರಕ್ಕೆ ಸೇರಿದವರು ಮೂವರು. ವಿಭಾಗವನ್ನೇ ಮುಚ್ಚುತ್ತಿದ್ದಾರೆ. ಕಪಾಟುಗಳಲ್ಲಿ ಏನೇನಿದೆ ಎಂದು ಪಟ್ಟಿ ಮಾಡಲು ಆಫೀಸಿನ ಶಂಭುಲಿಂಗಪ್ಪ ಬಂದಿದ್ದರು. ಒಂದು ಪುಟ್ಟ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದೇನ್ ಮೇಡಂ, ಉಪ್ಪಿನಕಾಯಿ ಥರಾ?" ಅಂದರು. ಅದು ನಿನ್ನ ಮೊದಲ ಪ್ರಯೋಗದ ಗೊದಮೊಟ್ಟೆ.

"ಹುಟ್ಟಿದಾಗ ಕಪ್ಪೆಗೆ ಮೂಳೆನೇ ಇರಲ್ಲ ಶಂಭುಲಿಂಗಪ್ಪನೋರೇ," ಎಂದೆ. "ನಮ್ಮ ಕಿವಿ ಇದ್ಯಲ್ಲ, ಹಾಗೆ ಬಾಗೋ ಮೃದ್ವಸ್ಥಿ ಅಷ್ಟೇ. ಕಾಲು ಮೂಡಿ ಬಾಲ ಕರಗೋ ಹೊತ್ತಿಗೆ ಒಂದೊಂದಾಗಿ ಗಟ್ಟಿ ಆಗ್ತಾ ಬರುತ್ತೆ. ಪೊಟ್ಯಾಶ್ ಅನ್ನೋ ಕ್ಷಾರದ ನೀರಲ್ಲಿಟ್ಟು ಮಾಂಸನ ಗಾಜಿನ ಥರ ತಿಳಿ ಮಾಡಿ, ಮೃದ್ವಸ್ಥಿಗೆ ನೀಲಿ ಬಣ್ಣ, ಮೂಳೆಗೆ ಕೆಂಪು ಬಣ್ಣ ಹಿಡಿಸ್ತಿದ್ವಿ. ಯಾವ ದಿನ ಯಾವ ಮೂಳೆ ಕೆಂಪಾಗುತ್ತೆ ಅಂತ ನನ್ನ ಸ್ನೇಹಿತೆ ಲೆಕ್ಕ ಇಡ್ತಿದ್ಲು."

"ಈಗೆಲ್ಲಿದ್ದಾರೆ ಅವ್ರು?"

ಮಾರನೆಯ ದಿನವೇ ಓಕಳಿಪುರಂಗೆ ಹೋದೆ.

ಅದೇ ಕಪಾಟಿನಲ್ಲಿ ನೀಲಿ ರೆಕ್ಸಿನ್ ಹೊದಿಕೆಯ ನಿನ್ನ ದಿನಚರಿ ಪುಸ್ತಕವೂ ಇದೆ. 1998ರ ಸಂಕ್ರಾಂತಿಯ ದಿನ ನಿನ್ನ ಕೈಯಲ್ಲಿ ಬರೆದದ್ದು: 'ಪೊಟ್ಯಾಶ್ ಹತ್ತು ಗ್ರಾಂ, ನೀರು ಒಂದು ಲೀಟರ್.' ಅದನ್ನು ನಿನ್ನ ಕೈಗೇ ಕೊಡಬೇಕು. ಬರಲೇ? ಫೋನ್ ನಂಬರು ಹಿಂದೆ ಬರೆದಿದ್ದೇನೆ.

ಅಲಮೇಲು


ಚಾಮರಾಜಪೇಟೆ
3 ಜುಲೈ 2023

ಅಲಮೇಲು ಅವರಿಗೆ,

ನಿಮ್ಮ ಪತ್ರ ತಲುಪಿತು. ದಯವಿಟ್ಟು ಬರಬೇಡಿ. ಫೋನಿನಲ್ಲಿ ಮಾತಾಡುವುದಕ್ಕೂ ನನಗಿಷ್ಟವಿಲ್ಲ. ಬರೆಯಲೇಬೇಕೆಂದಿದ್ದರೆ ಹೀಗೇ ಬರೆಯಿರಿ. ಅಂಚೆಯವನು ಬರುವ ಹೊತ್ತಿಗೆ ಮನೆಯಲ್ಲಿರುವವಳು ನಾನೊಬ್ಬಳೇ.

ಪುಸ್ತಕವನ್ನು ರದ್ದಿಗೆ ಹಾಕಿಬಿಡಿ. ಅದರಲ್ಲಿ ಏನು ಬರೆದಿದ್ದರೇನು? ಹತ್ತು ಗ್ರಾಂ ಎಂದು ಬರೆದು, ತೂಗಿದ್ದು ನೂರು ಗ್ರಾಂ ಇರಬೇಕು. ಬರೆದದ್ದೊಂದು, ಮಾಡಿದ್ದೊಂದು. ಅರವತ್ತೆರಡು ಬಾಟಲಿಗಳು, ಎರಡು ಮಳೆಗಾಲದ ಕೆಲಸ, ಎಲ್ಲ ಹಾಳು. ಚಂದ್ರಶೇಖರಯ್ಯ ಮೇಷ್ಟ್ರು ಎಲ್ಲರೆದುರಿಗೆ ಹೇಳಿದ್ದು ನಿಮಗೂ ನೆನಪಿರಬೇಕು: "ನಿನ್ನ ಕೈನ ನೀನೇ ನಂಬಬೇಡಮ್ಮಾ. ಲ್ಯಾಬು ನಿನಗಲ್ಲ."

ಅಂದಿನಿಂದ ನಂಬಲಿಲ್ಲ. ಅದೇ ಮೇ ತಿಂಗಳಲ್ಲಿ ಮದುವೆಯಾಯಿತು. ಇವತ್ತಿಗೂ ನಮ್ಮ ಮನೆಯ ಸಾರಿಗೆ ಉಪ್ಪು ಹಾಕುವವರು ನಮ್ಮ ನಾದಿನಿ. ಗ್ಯಾಸ್ ಆರಿಸಿದ ಮೇಲೆ ಮೂರು ಸಲ ಹೋಗಿ ನೋಡುತ್ತೇನೆ. ಮೂರನೆಯ ಸಲವೂ ಬೇರೆ ಯಾರಾದರೂ ನೋಡಿ ಹೇಳಿದರೇ ಸಮಾಧಾನ.

ಆ ದಿನ ನಾನು ಟ್ರೇ ತೊಡೆಯ ಮೇಲಿಟ್ಟುಕೊಂಡು ಕಾರಿಡಾರಿನಲ್ಲಿ ಕುಳಿತಾಗ ನೀರು ತಂದುಕೊಟ್ಟವರು ನೀವು. ಅದನ್ನು ಮರೆತಿಲ್ಲ. ಮುಂದಿನ ವರ್ಷ ನಿಮ್ಮ ಮತ್ತು ಮೇಷ್ಟ್ರ ಹೆಸರಿನಲ್ಲಿ ಲೇಖನ ಬಂದದ್ದನ್ನೂ ಮರೆತಿಲ್ಲ. ಬಾಲದ ಬುಡದ ಸರಳಿನಂಥ ಮೂಳೆ ಬಾಲ ಕರಗತೊಡಗುವುದಕ್ಕಿಂತ ಮುಂಚೆಯೇ ಕೆಂಪಾಗುತ್ತದೆ ಎಂದು ಮೊದಲು ನೋಡಿದವಳು ನಾನು. ಅದನ್ನು ಒಂದು ಸಾಲಿನಲ್ಲಿ ಹೇಳಬಹುದಿತ್ತು. ನಿಮ್ಮನ್ನು ನೋಡುವುದು ಬೇಡವೆನಿಸಿದ್ದು ಅದಕ್ಕೇ. ಈಗ ಆ ಕೋಪವೂ ಇಲ್ಲ.

ಮಕ್ಕಳೆಷ್ಟು ಎಂದು ನೀವು ಕೇಳಲಿಲ್ಲ. ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ. ಒಬ್ಬಳಿದ್ದಳು.

ಮಹಾನಂದ ಬಸವಪ್ರಭು


ಮಲ್ಲೇಶ್ವರಂ
19 ಜುಲೈ 2023

ಮಹಾನಂದಾ,

'ನೀವು' ಎಂದು ಬರೆದಿದ್ದೀಯ. ಅದಕ್ಕೂ ನಾನು ಯೋಗ್ಯಳಲ್ಲ ಎಂದು ಈ ಪತ್ರ ಮುಗಿಯುವಷ್ಟರಲ್ಲಿ ನಿನಗೆ ತಿಳಿಯುತ್ತದೆ.

ಪುಸ್ತಕ ಕಪಾಟಿನಲ್ಲಿ 'ಸಿಕ್ಕಿತು' ಎಂಬಂತೆ ಬರೆದಿದ್ದೆ. ಅದು ನನ್ನ ಕಪಾಟು. ಬೀಗದ ಕೈ ಇಪ್ಪತ್ತೈದು ವರ್ಷವೂ ನನ್ನ ಬಳಿಯೇ ಇತ್ತು. ನೀನು ಅಳತೆ ತಪ್ಪಿರಲಿಲ್ಲ. ಹತ್ತು ಗ್ರಾಂ, ಒಂದು ಲೀಟರ್. ನೀನು ಬರೆದಂತೆಯೇ ಮಾಡಿದ್ದೆ. ಬದಲಾಯಿಸಿದವಳು ನಾನು.

ಆ ಡಿಸೆಂಬರಿನಲ್ಲಿ ಮೇಷ್ಟ್ರು ನನ್ನನ್ನು ಕರೆದು ಹೇಳಿದ್ದರು: "ಫೆಲೋಶಿಪ್ ಇರೋದು ಒಂದೇ. ಮಹಾನಂದಂಗೆ ಬರೀತೀನಿ. ಬೇಜಾರ್ ಮಾಡ್ಕೋಬೇಡ ಅಲಮೇಲು, ನಿಂದು ಚಿತ್ರ ಬರೆಯೋ ಕೈ, ಹುಡುಕೋ ಕಣ್ಣಲ್ಲ." ಇದನ್ನು ನಿನಗೆ ಹೇಳಲಿಲ್ಲ. ನಿನ್ನ ಪಕ್ಕದಲ್ಲೇ ಕೂತು ನಿನ್ನ ಗೊದಮೊಟ್ಟೆಗಳ ಚಿತ್ರ ಬರೆಯುತ್ತಾ ಹೋದೆ. ನೀನು ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿ, "ಏ, ಬಾ ಇಲ್ಲಿ, ಇದೂ ಕೆಂಪಾಗಿದೆ ನೋಡು!" ಎಂದಾಗೆಲ್ಲ ನಾನು ಪೆನ್ಸಿಲ್ಲಿನ ಮೊನೆ ಮುರಿದು ಮತ್ತೆ ಹೆರೆಯುತ್ತಾ ಕೂರುತ್ತಿದ್ದೆ.

ಸಂಕ್ರಾಂತಿಯ ದಿನ ಬೆಳಿಗ್ಗೆ ನೀನು ಬಂದು ಎಲ್ಲ ಬಾಟಲಿಗಳಿಗೂ ಹೊಸ ದ್ರಾವಣ ತುಂಬಿದೆ. ಸಂಜೆ ನಿಮ್ಮಮ್ಮನ ಜೊತೆ ಗವಿಪುರದ ದೇವಸ್ಥಾನಕ್ಕೆ ಹೋಗುವುದಿತ್ತು. ಲ್ಯಾಬಿನ ಬೀಗದ ಕೈ ನನಗೆ ಕೊಟ್ಟು, "ನಾಡಿದ್ದು ನಾನೇ ಬಂದು ಬದಲಾಯಿಸ್ತೀನಿ ಕಣೆ, ನೀನು ಏನೂ ಮುಟ್ಟಬೇಡ," ಎಂದೆ. ಎಳ್ಳುಬೆಲ್ಲದ ಪೊಟ್ಟಣವನ್ನೂ ಕೊಟ್ಟೆ.

ನೀನು ಹೋದ ಮೇಲೆ ನಾನು ಎಳ್ಳುಬೆಲ್ಲ ತಿಂದೆ. ಆಮೇಲೆ ನೂರು ಗ್ರಾಂ ಪೊಟ್ಯಾಶ್ ತೂಗಿ ಒಂದು ಲೀಟರ್ ನೀರಿಗೆ ಹಾಕಿದೆ. ಡ್ರಾಪರಿನಿಂದ ಒಂದೊಂದು ಬಾಟಲಿಯ ದ್ರಾವಣವನ್ನು ತೆಗೆದು, ಇದನ್ನು ತುಂಬಿದೆ. ಒಂದು ಗಳಿಗೆಯ ಆವೇಶ ಎಂದು ಹೇಳಿಕೊಳ್ಳಲಾರೆ. ಎರಡು ಗಂಟೆ ಹಿಡಿಯಿತು. ಪ್ರತಿ ಬಾಟಲಿಗೆ ಬಾಗಿದಾಗಲೂ ನಿಲ್ಲಿಸಬಹುದಿತ್ತು. ಅರವತ್ತೆರಡು ಸಲ ನಿಲ್ಲಿಸಬಹುದಿತ್ತು.

ಹಾಳಾಗುತ್ತವೆ ಎಂದು ಗೊತ್ತಿತ್ತು. ಹಾಗಾಗುತ್ತವೆ ಎಂದು ಗೊತ್ತಿರಲಿಲ್ಲ. ನೀನು ಬಾಗಿಲು ತೆಗೆದಾಗ ಬಾಟಲಿಗಳಲ್ಲಿ ಗೊದಮೊಟ್ಟೆಗಳೇ ಇರಲಿಲ್ಲ. ಮಾಂಸವೆಲ್ಲ ಕರಗಿ, ನೀರು ಚಹಾದ ಬಣ್ಣಕ್ಕೆ ತಿರುಗಿ, ತಳದಲ್ಲಿ ಕೆಂಪು ಚೂರುಗಳು ಬಿದ್ದಿದ್ದವು. ಯಾವುದು ತೊಡೆಯದು, ಯಾವುದು ತಲೆಯದು ಎಂದು ಹೇಳುವಂತಿರಲಿಲ್ಲ.

ನೀನು ಅಳಲಿಲ್ಲ. ನನ್ನ ಕಡೆ ತಿರುಗಿ ಕೇಳಿದೆ: "ಅಲಮೇಲು, ನಾನು ನೂರು ಗ್ರಾಂ ಹಾಕ್ಬಿಟ್ನೇನೇ?"

ನಾನು ಅಂದೆ: "ಇರಬಹುದೇನೋ ಕಣೆ."

ಬಾಟಲಿಗಳಿಗಿಂತ ದೊಡ್ಡ ಪಾಪ ಅದು ಎಂದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು. ನೀನು ಪುಸ್ತಕ ಹುಡುಕಿದೆ. ನಾನೂ ಜೊತೆಗೆ ಹುಡುಕಿದೆ. ಅದು ನನ್ನ ಚೀಲದಲ್ಲಿತ್ತು.

ನಿನ್ನ ಪತ್ರದ ಕೊನೆಯ ಮಾತು ಓದಿ ಮೂರು ದಿನ ಈ ಕಾಗದ ಮುಟ್ಟಲಿಲ್ಲ. ಕೇಳುವ ಹಕ್ಕು ನನಗಿಲ್ಲ. ಅವಳ ಹೆಸರೇನು?

ಅಲಮೇಲು


ಮಲ್ಲೇಶ್ವರಂ
28 ಆಗಸ್ಟ್ 2023

ಮಹಾನಂದಾ,

ನಿನ್ನ ಉತ್ತರವಿಲ್ಲ. ನಿರೀಕ್ಷಿಸುವುದೂ ತಪ್ಪು.

ಲೇಖನ ಪ್ರಕಟಿಸಿದ ಪತ್ರಿಕೆಗೂ ವಿಶ್ವವಿದ್ಯಾಲಯಕ್ಕೂ ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿ ಕಳಿಸಿದ್ದೇನೆ. ಕಂಡುಹಿಡಿದವಳು ನೀನು, ಲೇಖನದಿಂದ ನನ್ನ ಹೆಸರು ತೆಗೆಯಿರಿ ಎಂದು. ಮೇಷ್ಟ್ರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವರಿಗೆ ಹೇಳಲು ಆಗಲಿಲ್ಲ.

ನಿನ್ನ ಪ್ರಯೋಗವನ್ನು ಮೊದಲಿನಿಂದ ಮಾಡೋಣವೆಂದು ಹೊರಟೆ. ಅರವತ್ತೆರಡು ಬಾಟಲಿ ತುಂಬಿಸಿ, ನಿನ್ನ ಹೆಸರು ಬರೆದು ಇಡೋಣವೆಂದು. ಜುಲೈನಲ್ಲಿ ಜೋರು ಮಳೆ ಬಂದ ಮಾರನೆಯ ಬೆಳಿಗ್ಗೆ ಕೆಂಪಾಂಬುಧಿ ಕೆರೆಗೆ ಹೋದೆ. ನಾವಿಬ್ಬರೂ ಸೀರೆ ಎತ್ತಿಕಟ್ಟಿ ಇಳಿಯುತ್ತಿದ್ದ ಕಡೆ ಈಗ ಬೇಲಿ. ವಾಕಿಂಗ್ ಬಂದಿದ್ದ ಒಬ್ಬರು, "ಏನ್ ಹುಡುಕ್ತಿದೀರಿ ಮೇಡಂ?" ಎಂದರು. ಕಪ್ಪೆಯ ಮೊಟ್ಟೆ ಎಂದೆ. ನಕ್ಕು ಮುಂದೆ ಹೋದರು. ಎಂಟು ದಿನ ಹೋದೆ. ನನಗೆ ಒಂದೂ ಸಿಗಲಿಲ್ಲ. ಮೇಷ್ಟ್ರು ಹೇಳಿದ್ದು ನಿಜವೇ ಇರಬೇಕು, ನನ್ನದು ಹುಡುಕುವ ಕಣ್ಣಲ್ಲ.

ಬೈಯುವುದಕ್ಕಾದರೂ ಬರೆ.

ಅಲಮೇಲು


ಚಾಮರಾಜಪೇಟೆ
11 ಅಕ್ಟೋಬರ್ 2023

ಅಲಮೇಲು,

ಅವಳ ಹೆಸರು ಶರಣ್ಯ.

ನಿನ್ನ ಪತ್ರ ಅಕ್ಕಿ ಡಬ್ಬಿಯ ಹಿಂದೆ ಇದೆ. ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ನನ್ನ ಡಿಗ್ರಿ ಕಿತ್ತುಕೊಂಡೆ ಎಂದು ನೀನು ಅಂದುಕೊಂಡಿದ್ದೀಯ. ಲೇಖನದಲ್ಲಿ ಹೆಸರು ಹಾಕಿಸಿದರೆ ಅರ್ಧ ತೀರುತ್ತದೆ ಎಂದುಕೊಂಡಿದ್ದೀಯ. ಕೇಳು.

2006ರ ನವೆಂಬರ್. ಶರಣ್ಯಳಿಗೆ ಏಳು ವರ್ಷ. ಎರಡು ದಿನದಿಂದ ಜ್ವರವಿತ್ತು. ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರು ಬೆಳಿಗ್ಗೆ ನೋಡಿ, ವೈರಲ್ ಜ್ವರ, ಸಿರಪ್ ಕೊಡಿ ಎಂದಿದ್ದರು. ಮಧ್ಯಾಹ್ನ ಮೂರು ಗಂಟೆಗೆ ಅವಳು ಕೂಗಿದಳು: "ಅಮ್ಮಾ, ಕರ್ಟನ್ ಎಳಿ, ಬೆಳಕು ಚುಚ್ಚುತ್ತೆ." ಕರ್ಟನ್ ಎಳೆದು ಬಂದು ಮುಖ ನೋಡಿದೆ. "ಗದ್ದ ಎದೆಗೆ ತಾಗಿಸು ಪುಟ್ಟಿ, ನೋಡೋಣ," ಎಂದೆ. ತಲೆಯ ಹಿಂದೆ ಕೈಯಿಟ್ಟು ಬಾಗಿಸಲು ನೋಡಿದೆ. ಕತ್ತು ಬಾಗಲಿಲ್ಲ. "ಆಗಲ್ಲಮ್ಮಾ," ಎಂದು ಕಿರುಚಿದಳು.

ನನಗೆ ಗೊತ್ತಾಯಿತು. ನಾವು ಓದಿದ್ದೆವಲ್ಲ, ಮೆದುಳಿನ ಪೊರೆಯ ಜ್ವರ. ಅನುಮಾನವಲ್ಲ ಅಲಮೇಲು, ಕೆಂಪಾದ ಮೂಳೆ ಕಂಡಷ್ಟು ನಿಚ್ಚಳವಾಗಿ ಗೊತ್ತಾಯಿತು. ಆಟೋ ಕರೆಯಲು ಚಪ್ಪಲಿ ಮೆಟ್ಟಿದೆ. ನಾದಿನಿ ಬಾಗಿಲಲ್ಲಿದ್ದರು. "ಎಲ್ಲಿಗೆ ಹೊರ್ಟೆ? ಬೆಳಗ್ಗೆ ತಾನೆ ಡಾಕ್ಟ್ರು ನೋಡವ್ರೆ. ಅವ್ರಿಗಿಂತ ನಿಂಗ್ ಜಾಸ್ತಿ ಗೊತ್ತಾ? ಪ್ರಭು ಬರ್ಲಿ ಇರು," ಎಂದರು.

ಅವರು ತಡೆಯಲಿಲ್ಲ. ಕೇಳಿದರು ಅಷ್ಟೇ. ಇನ್ನೊಬ್ಬ ತಾಯಿಯಾಗಿದ್ದರೆ ಪಕ್ಕಕ್ಕೆ ತಳ್ಳಿ ಹೋಗುತ್ತಿದ್ದಳು. ನನಗೆ ಅನಿಸಿದ್ದು ಒಂದೇ: ಹತ್ತು ಗ್ರಾಂಗೂ ನೂರು ಗ್ರಾಂಗೂ ವ್ಯತ್ಯಾಸ ತಿಳಿಯದವಳು ನಾನು. ನನಗೆ ಏನು ಗೊತ್ತು?

ಚಪ್ಪಲಿ ಬಿಟ್ಟೆ.

ಇವರು ಅಂಗಡಿಯಿಂದ ಬಂದದ್ದು ಏಳೂವರೆಗೆ. ಆ ಹೊತ್ತಿಗೆ ಅವಳು ಹೆಸರು ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಚಿಕ್ಕವರು, ಮುಚ್ಚಿಡಲು ಬರಲಿಲ್ಲ. "ಮಧ್ಯಾಹ್ನನೇ ತಂದಿದ್ರೆ..." ಎಂದು ನಿಲ್ಲಿಸಿದರು. ಮೂರನೆಯ ದಿನ ಹೋದಳು.

ಹದಿನೇಳು ವರ್ಷ ನಾನು ಬದುಕಿದ್ದು ಹೇಗೆ ಗೊತ್ತಾ? ದಡ್ಡಿ ನಾನು, ಕೈ ತಪ್ಪುವವಳು, ಅಂಥವಳು ನೋಡಿದ್ದು ನಿಜವೆಂದು ತಿಳಿಯುವುದು ಹೇಗೆ ಎಂದು ನನಗೆ ನಾನೇ ಹೇಳಿಕೊಂಡು. ಆ ದಡ್ಡಿಯನ್ನು ಒಂದಿಷ್ಟು ಕ್ಷಮಿಸಿದ್ದೆ. ನೀನು ಬಂದು ಅವಳನ್ನೂ ಕರಗಿಸಿಬಿಟ್ಟೆ. ನಾನು ದಡ್ಡಿಯಲ್ಲ. ಅಳೆದದ್ದು ಸರಿಯಿತ್ತು. ನೋಡಿದ್ದು ಸರಿಯಿತ್ತು. ಸರಿಯಾಗಿ ನೋಡಿಯೂ ಚಪ್ಪಲಿ ಬಿಟ್ಟು, ನಾಲ್ಕೂವರೆ ಗಂಟೆ ಮಗುವಿನ ಪಕ್ಕ ಕೂತಿದ್ದೆ.

ಇದನ್ನು ನನಗೆ ಯಾಕೆ ಹೇಳಿದೆ? ಇಪ್ಪತ್ತೈದು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಇನ್ನೊಂದಿಷ್ಟು ವರ್ಷ ಮುಚ್ಚಿಕೊಂಡಿದ್ದರೆ ನಾನು ಹೇಗೋ ಸತ್ತುಹೋಗುತ್ತಿದ್ದೆ.

ಬರಬೇಡ.

ಮಹಾನಂದ


ಮಲ್ಲೇಶ್ವರಂ
2 ನವೆಂಬರ್ 2023

ಮಹಾನಂದಾ,

ಹತ್ತು ಪತ್ರ ಬರೆದು ಹರಿದೆ. ಇದು ಹನ್ನೊಂದನೆಯದು.

ನೀನು ಕೇಳಿದ್ದಕ್ಕೆ ಉತ್ತರ: ನನಗೋಸ್ಕರ ಹೇಳಿದೆ. ಕಪಾಟು ಖಾಲಿಯಾಗುತ್ತಿತ್ತು, ಪುಸ್ತಕವನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಮನೆಗೆ ತಂದರೆ ನಿದ್ದೆ ಬರುತ್ತಿರಲಿಲ್ಲ. ನಿನಗೆ ಒಳ್ಳೆಯದಾಗಲಿ ಎಂದು ಬರೆದೆ ಅಂತ ನಂಬಿದ್ದೆ. ಅಲ್ಲ.

ವಿಶ್ವವಿದ್ಯಾಲಯದಿಂದ ನಾಲ್ಕು ಸಾಲು ಬಂದಿದೆ. ಕಡತ ಇಷ್ಟು ಹಳೆಯದಾದ್ದರಿಂದ ಕ್ರಮಕ್ಕೆ ಅವಕಾಶವಿಲ್ಲವಂತೆ. ಪತ್ರಿಕೆ ನಿಂತು ಹೋಗಿ ಆರು ವರ್ಷವಾಗಿದೆ. ನನಗೆ ಶಿಕ್ಷೆ ಕೊಡುವವರು ಯಾರೂ ಉಳಿದಿಲ್ಲ. ನಿನ್ನ ಹೆಸರು ಹಾಕುವವರೂ ಇಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಬೀಳ್ಕೊಡುಗೆಗೆ ಶಾಲು ತಂದಿದ್ದರು. ಹೊದ್ದುಕೊಳ್ಳದೆ ಬಂದೆ.

ನಿಮ್ಮ ಯಜಮಾನರಿಗೆ ನಾನೇ ಬಂದು ಎಲ್ಲವನ್ನೂ ಹೇಳಲೇ? ನೀನು ಅಂದು ಯಾಕೆ ಹೊರಡಲಿಲ್ಲ ಎಂದು ಅವರಿಗಾದರೂ ತಿಳಿಯಬೇಕಲ್ಲವೇ? ಬೈದರೆ ನನ್ನನ್ನು ಬೈಯಲಿ. ನೀನು ಬೇಡವೆಂದರೆ ಬರುವುದಿಲ್ಲ.

ಅಲಮೇಲು


ಚಾಮರಾಜಪೇಟೆ
21 ಜನವರಿ 2024

ಅಲಮೇಲು,

ಅವರಿಗೆ ನಾನೇ ಹೇಳಿದೆ.

ಕಳೆದ ಭಾನುವಾರ. ನಾದಿನಿ ಮಠಕ್ಕೆ ಹೋಗಿದ್ದರು. ಇವರು ಊಟ ಮುಗಿಸಿ ಪೇಪರ್ ಹಿಡಿದು ಕೂತಿದ್ದರು. ನಿನ್ನ ಪತ್ರಗಳನ್ನು ತಂದು ಮುಂದಿಟ್ಟೆ. ಓದಲು ಬಹಳ ಹೊತ್ತು ತೆಗೆದುಕೊಂಡರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಆಮೇಲೆ ನಾನು ಆ ಮಧ್ಯಾಹ್ನದ್ದನ್ನು ಹೇಳಿದೆ. ಕತ್ತು ಬಾಗದೇ ಇದ್ದದ್ದು, ಚಪ್ಪಲಿ ಮೆಟ್ಟಿದ್ದು, ಬಿಟ್ಟದ್ದು. ಇದನ್ನು ಅವರಿಗೆ ಇಷ್ಟು ವರ್ಷ ಹೇಳಿರಲಿಲ್ಲ. ನನಗೇನೂ ತಿಳಿಯಲಿಲ್ಲ ಎಂದೇ ಹೇಳಿದ್ದೆ.

ಬೈಯುತ್ತಾರೆ ಅಂದುಕೊಂಡೆ. ಬೈಯಲಿ ಎಂದೇ ಕಾದಿದ್ದೆ.

ಅವರು ನೆಲ ನೋಡುತ್ತಾ ಅಂದರು: "ನಾನೂ ನೋಡಿದ್ದೆ."

"ಏನನ್ನ?"

"ಅವತ್ತು ಒಂದೂವರೆಗೆ ಊಟಕ್ಕೆ ಬಂದಿದ್ನಲ್ಲ. ರೂಮಿಗೆ ಹೋಗಿ ಶರಣ್ಯಾ ಅಂತ ಕರ್ದೆ. ಕತ್ತು ತಿರುಗಿಸ್ಲಿಲ್ಲ. ಮೈಯೆಲ್ಲ ತಿರುಗಿಸಿ ನೋಡಿದ್ಲು. ನಮ್ ತಮ್ಮ ನಾಗಭೂಷಣ್ ಚಿಕ್ಕೋನಿದ್ದಾಗ ಜ್ವರ ಬಂದು ಹೋದ್ನಲ್ಲ, ಅವ್ನೂ ಹೀಗೇ ನೋಡಿದ್ದ."

"ಮತ್ತೆ?"

"ಡಾಕ್ಟ್ರು ಏನೂ ಇಲ್ಲ ಅಂದವ್ರಲ್ಲ ಅಂದ್ಕೊಂಡೆ. ಅಂಗ್ಡಿಗೆ ಸೂರತ್ ಮಾಲು ಬರೋದಿತ್ತು. ಹೋದೆ." ಕನ್ನಡಕ ಮಡಚಿಟ್ಟು, "ನಿಂಗೆ ಗೊತ್ತಾಗಿಲ್ಲ ಅಂತ ಅಂದ್ಕೊಂಡಿದ್ದೆ. ಗೊತ್ತಿದ್ದಿದ್ದು ನಂಗೊಬ್ನಿಗೇ ಅಂತ," ಎಂದರು.

ಹದಿನೇಳು ವರ್ಷ ಇವರು ನನಗೆ ಸಮಾಧಾನ ಹೇಳಿದರು ಅಲಮೇಲು. ರಾತ್ರಿ ನಾನು ಎದ್ದು ಕೂತಾಗೆಲ್ಲ, "ನಿನ್ ತಪ್ಪಲ್ಲ, ಮಲ್ಕೊ," ಎನ್ನುತ್ತಿದ್ದರು. ಎಷ್ಟು ಒಳ್ಳೆಯವರು ಎಂದು ಇನ್ನಷ್ಟು ಕುಗ್ಗುತ್ತಿದ್ದೆ. ಆ ಮಾತು ಏನನ್ನು ಮುಚ್ಚುತ್ತಿತ್ತೆಂದು ಈಗ ತಿಳಿಯಿತು. ನನ್ನ ತಪ್ಪಲ್ಲ ಎಂದು ಅವರಿಗೆ ಗೊತ್ತಿತ್ತು. ಯಾಕೆ ಅಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ನೀನು 'ಇರಬಹುದೇನೋ' ಎಂದೆ. ಅವರು 'ಅಲ್ಲ' ಎಂದರು. ಎರಡರಿಂದಲೂ ನನಗಾದದ್ದು ಒಂದೇ.

ಅವರು ಅತ್ತರು. ಅವರು ಅಷ್ಟು ಅಳುವುದನ್ನು ನಾನು ನೋಡಿದ್ದು ಮೊದಲ ಸಲ. ಬೆನ್ನ ಮೇಲೆ ಕೈಯಿಡಬೇಕೆನಿಸಿತು. ಕೈ ಏಳಲಿಲ್ಲ. ಎದ್ದು ತಟ್ಟೆ ತೊಳೆದೆ.

ಈ ವಾರವಿಡೀ ಮನೆಯಲ್ಲಿ ಮಾತಿಲ್ಲ. ಜಗಳವೂ ಇಲ್ಲ. ಬೆಳಿಗ್ಗೆ ಅವರು ಲಿಂಗಪೂಜೆ ಮುಗಿಸಿ ಅಂಗಡಿಗೆ ಹೋಗುತ್ತಾರೆ, ರಾತ್ರಿ ಬಂದು ಊಟ ಮಾಡುತ್ತಾರೆ. ಮೊದಲಿಗಿಂತ ಹಗುರಾಗಿ ನಡೆಯುತ್ತಾರೆ. ನಿನ್ನೆ ಅವರು ಗೊರಕೆ ಹೊಡೆದು ನಿದ್ದೆ ಮಾಡಿದ್ದನ್ನು ಎಷ್ಟೋ ವರ್ಷಗಳ ಮೇಲೆ ಕೇಳಿದೆ.

ನೀನು ಬಂದರೆ ಬಾಗಿಲು ತೆಗೆಯುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಅದಕ್ಕೆ ಬಾ ಎಂದೂ ಬರೆಯುವುದಿಲ್ಲ, ಬೇಡವೆಂದೂ ಬರೆಯುವುದಿಲ್ಲ. ನಿನ್ನ ಮೇಲೆ ದ್ವೇಷವಿದೆಯೇ ಎಂದು ಹುಡುಕಿ ನೋಡಿದೆ. ಅದಕ್ಕೆ ಬೇಕಾದ ತ್ರಾಣವೂ ನನ್ನಲ್ಲಿಲ್ಲ.

ನೀನು ನನಗೆ ಬರೆದು ಹೇಳಿದೆ. ಅವರು ನನಗೆ ಬಾಯಿಬಿಟ್ಟು ಹೇಳಿದರು. ಇಬ್ಬರಿಗೂ ಕೇಳುವವಳೊಬ್ಬಳಿದ್ದಳು. ನಾನು ಯಾರಿಗೆ ಹೇಳಲಿ, ಅಲಮೇಲು? ನನ್ನ ಮಾತು ಕೇಳಬೇಕಾದವಳಿಗೆ ಏಳು ವರ್ಷ.

ಮಹಾನಂದ